ಹೊಳೆಯುವ ಜಿಟಿಓ, ಬಿಚ್ಚಿಟ್ಟ ರೋಡ್ ರನ್ನರ್: ಯಾವುದಕ್ಕೆ ಕೈ ಹಾಕಲಿ?

ಪ್ರಶ್ನೆ: ನಾನು ದಾವಣಗೆರೆಯವನು, ಮಿಶಿಗನ್‌ನ ಕ್ಯಾಂಟನ್‌ನಲ್ಲಿದ್ದೇನೆ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ನಮ್ಮ ಬೀದಿಯ ಹಿರಿಯರೊಬ್ಬರು ಹೋದ ವರ್ಷ ತೀರಿಕೊಂಡರು. ಅವರ ಪತ್ನಿ ಎರಡು ಹಳೆಯ ಕಾರು ಮಾರುತ್ತಿದ್ದಾರೆ, ಬೇರೆಯವರಿಗೆ ಹೇಳುವ ಮೊದಲು ನನ್ನನ್ನು ಕರೆದು ತೋರಿಸಿದರು. ಒಂದು 1968ರ ಪಾಂಟಿಯಾಕ್ ಜಿಟಿಓ. ಹಸಿರು ಬಣ್ಣ, ಕಪ್ಪು ವಿನೈಲ್ ಟಾಪು (ಮಾಡಿನ ಮೇಲೆ ಅಂಟಿಸಿದ ರೆಕ್ಸಿನ್‌ನಂಥ ಹೊದಿಕೆ). ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಹೊಳೆಯುತ್ತದೆ. ಮೊದಲಿನಿಂದಲೂ ಮಿಶಿಗನ್ ಕಾರು. ಇಪ್ಪತ್ತೈದು ವರ್ಷದ ಹಿಂದೆ ಪೇಂಟ್ ಮಾಡಿಸಿದ್ದರಂತೆ. 30,000 ಡಾಲರ್ ಕೇಳುತ್ತಿದ್ದಾರೆ. ಇನ್ನೊಂದು 1969ರ ಪ್ಲಿಮತ್ ರೋಡ್ ರನ್ನರ್, 383 ಘನ ಇಂಚಿನ ಎಂಜಿನ್. ಅರಿಜೋನಾದಿಂದ ತರಿಸಿದ್ದು. ಬಣ್ಣ ಬಿಸಿಲಿಗೆ ಸುಟ್ಟಿದೆ, ಎಂಜಿನ್ ಬಿಚ್ಚಿ ಸ್ಟ್ಯಾಂಡಿಗೆ ಹಾಕಿದ್ದಾರೆ, ಉಳಿದದ್ದು ರಟ್ಟಿನ ಡಬ್ಬಗಳಲ್ಲಿ. 18,000 ಡಾಲರ್. ಕೊಳ್ಳುವುದು ಒಂದೇ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಖರೀದಿಯ ಮೇಲೆ, ಕಾರನ್ನು ಹೊಸದರಂತೆ ರಿಸ್ಟೋರ್ ಮಾಡಲು ಒಟ್ಟು 35,000 ಡಾಲರ್, ಮೂರು ವರ್ಷ ಕೊಡಬಲ್ಲೆ. ಎಂಜಿನ್, ಬ್ರೇಕ್, ವೈರಿಂಗ್ ನಾನೇ ಮಾಡುತ್ತೇನೆ, ವೆಲ್ಡಿಂಗ್ ಬರುವುದಿಲ್ಲ. ಗೆಳೆಯರೆಲ್ಲ ಜಿಟಿಓ ಎನ್ನುತ್ತಿದ್ದಾರೆ: ಓಡುವ ಕಾರು, ಹೆಸರಿರುವ ಕಾರು, ಚಾಸಿ ಬೇರೆ ಇರುವುದರಿಂದ ತುಕ್ಕಿನ ಚಿಂತೆ ಇಲ್ಲ ಅಂತ. ನೀವೇನು ಹೇಳುತ್ತೀರಿ ಸರ್?

ಉತ್ತರ: ಕಾರುಗಳ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನಿಮ್ಮ ಬಗ್ಗೆ ಬರೆದ ಎರಡು ಪದ: ವೆಲ್ಡಿಂಗ್ ಬರುವುದಿಲ್ಲ. ಹಳೆಯ ಕಾರು ಆರಿಸುವಾಗ ಜನ ತಮಗೆ ಇಷ್ಟವಾದ ಕಾರು ಯಾವುದು ಎಂದು ನೋಡುತ್ತಾರೆ. ನಾನು ನನ್ನ ಗಿರಾಕಿಗಳಿಗೆ ಹೇಳುವುದು, ನಿಮ್ಮ ಕೈಯಲ್ಲಿ ಆಗದ ಕೆಲಸ ಯಾವ ಕಾರಿನಲ್ಲಿ ಕಡಿಮೆ ಇದೆ ನೋಡಿ ಅಂತ. ಆಗುವ ಕೆಲಸಕ್ಕೆ ಹೋಗುವುದು ನಿಮ್ಮ ಶನಿವಾರ, ಭಾನುವಾರ. ಆಗದ ಕೆಲಸಕ್ಕೆ ಹೋಗುವುದು ನಿಮ್ಮ ದುಡ್ಡು.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಜಿಟಿಓಗೆ ಹೆಸರಿದೆ, ನಿಜ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದೆಂದು ಪಾಂಟಿಯಾಕ್‌ನ ಒಡೆಯ ಕಂಪನಿ ಜನರಲ್ ಮೋಟರ್ಸ್‌ನಲ್ಲಿ ಕಟ್ಟಳೆ ಇದ್ದ ಕಾಲದಲ್ಲಿ, ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಜೊತೆಯ ಎಂಜಿನಿಯರುಗಳು 389 ಎಂಜಿನ್ನನ್ನು 1964ರ ಮಾದರಿಯ ಮಧ್ಯಮ ಗಾತ್ರದ ಕಾರು ಟೆಂಪೆಸ್ಟ್ ಲೆಮಾನ್ಸ್‌ಗೆ ‘ಆಪ್ಷನ್’ ಅನ್ನುವ ನೆಪದಲ್ಲಿ ತೂರಿಸಿದರು. ಮಸಲ್ ಕಾರಿನ, ಅಂದರೆ ಸಾಧಾರಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದ ಕಾರಿನ, ಕಥೆಯನ್ನು ಬಹಳ ಮಂದಿ ಅಲ್ಲಿಂದಲೇ ಶುರು ಮಾಡುತ್ತಾರೆ. ರೋಡ್ ರನ್ನರ್ 1968ರಲ್ಲಿ ಬಂದಿತು. ಅಷ್ಟು ಹೊತ್ತಿಗೆ ಇಂಥ ಕಾರುಗಳು ದುಬಾರಿಯಾಗಿ ಹುಡುಗರ ಕೈಗೆ ಎಟುಕುತ್ತಿರಲಿಲ್ಲ. ಟ್ಯಾಕ್ಸಿಯಲ್ಲಿದ್ದಂಥ ಬೆಂಚ್ ಸೀಟು, ಅಲಂಕಾರವಿಲ್ಲದ ಒಳಾಂಗಣ, ಒಳ್ಳೆಯ ಎಂಜಿನ್, ಬೀಪ್ ಬೀಪ್ ಎನ್ನುವ ಹಾರ್ನ್, 3,000 ಡಾಲರ್‌ಗಿಂತ ಕಡಿಮೆಯಿಂದ ಶುರುವಾಗುವ ಬೆಲೆ. ಅಷ್ಟೇ. ಮೋಟರ್ ಟ್ರೆಂಡ್ ಪತ್ರಿಕೆಯ ವರ್ಷದ ಕಾರು ಪ್ರಶಸ್ತಿ 1968ರಲ್ಲಿ ಜಿಟಿಓಗೆ, 1969ರಲ್ಲಿ ರೋಡ್ ರನ್ನರ್‌ಗೆ ಹೋಯಿತು. ಅಂದರೆ ಆ ಹಿರಿಯರು ಎರಡು ವರ್ಷದ ಇಬ್ಬರು ಗೆದ್ದವರನ್ನೂ ಒಂದೇ ಗ್ಯಾರೇಜಿನಲ್ಲಿ ಕೂಡಿಹಾಕಿದ್ದರು. ಎರಡೂ ಆಯಾ ವರ್ಷ 80,000ಕ್ಕೂ ಹೆಚ್ಚು ತಯಾರಾದ ಕಾರು. ಹಾಗಾಗಿ ಯಾವುದೂ ಸಿಗದ ವಸ್ತುವಲ್ಲ, ಯಾವುದೂ ಕೀಳಲ್ಲ.

ಅಶ್ವಶಕ್ತಿ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ. ಜಿಟಿಓದ 400 ಎಂಜಿನ್‌ಗೆ 350, ರೋಡ್ ರನ್ನರ್‌ನ 383ಕ್ಕೆ 335 ಎಂದು ಬರೆದಿರುತ್ತಾರೆ. ಎಂಜಿನ್ ಒಂದನ್ನೇ ಟೆಸ್ಟ್ ಸ್ಟ್ಯಾಂಡಿನ ಮೇಲಿಟ್ಟು ಅಳೆಯುತ್ತಿದ್ದ ಕಾಲದ ಲೆಕ್ಕ ಅದು. 1972ರಿಂದ ಏರ್ ಕ್ಲೀನರ್, ಸೈಲೆನ್ಸರ್ ಎಲ್ಲ ಸೇರಿಸಿ ಅಳೆಯತೊಡಗಿದಾಗ ಎಲ್ಲರ ಅಂಕಿಯೂ ಇಳಿಯಿತು.

ಈಗ ಗೆಳೆಯರ ಮೊದಲ ಮಾತು: ಓಡುವ ಕಾರು ತಗೋ. ಕೇಳಲು ಜಾಣತನದಂತೆ ಇದೆ. ಆದರೆ ಎಂಜಿನ್ ಕೆಲಸ ಅಂದಾಜಿಗೆ ಸಿಗುವ ಕೆಲಸ. ಬ್ಲಾಕ್ ಹೊತ್ತುಕೊಂಡು ಮಷೀನ್ ಶಾಪಿಗೆ ಹೋದರೆ ಅವರು ಅಳೆದು, ಬಿರುಕಿದೆಯೇ ನೋಡಿ, ಬೋರ್ ಎಷ್ಟು ಮಾಡಬೇಕು, ಕ್ರ್ಯಾಂಕ್ ಎಷ್ಟು ಉಜ್ಜಬೇಕು ಎಂದು ಒಂದು ಚೀಟಿ ಬರೆದು ಕೊಡುತ್ತಾರೆ. ಆ ಚೀಟಿಯ ಮೊತ್ತ ಆಮೇಲೆ ಹೆಚ್ಚೇನೂ ಬದಲಾಗುವುದಿಲ್ಲ. ಟಿಂಕರಿಂಗ್ ಹಾಗಲ್ಲ. ಪೇಂಟ್ ಕೆರೆದ ದಿನವೇ ನಿಜ ಹೊರಬರುವುದು. ಅಲ್ಲಿಯವರೆಗೆ ಯಾವ ಬಾಡಿ ಶಾಪಿನವರೂ ಖಚಿತವಾದ ಅಂದಾಜು ಕೊಡಲಾರರು, ನಾನೂ ಕೊಡುವುದಿಲ್ಲ.

ಹಿಂದೊಮ್ಮೆ ಗಿರಾಕಿಯೊಬ್ಬರು ಕೆಂಪು ಕಾರೊಂದನ್ನು ತಂದಿದ್ದರು. ಕನ್ನಡಿಯಂಥ ಪೇಂಟು. ಹಿಂದಿನ ಮಡ್‌ಗಾರ್ಡಿನ ಮೇಲೆ ಒಂದು ಕಡೆ ಗುಳ್ಳೆ ಬಂದಿದೆ, ಸರಿಮಾಡಿ ಕೊಡಿ ಅಂದರು. ಗ್ರೈಂಡರ್ ಹಚ್ಚಿದರೆ ಬೆರಳು ದಪ್ಪದ ಪುಟ್ಟಿ (ತಗಡಿನ ಮೇಲೆ ಮೆತ್ತುವ ಫಿಲ್ಲರ್), ಅದರ ಹಿಂದೆ ತೂತು ಮುಚ್ಚಲು ತುರುಕಿದ್ದ ಹಳೆಯ ಪತ್ರಿಕೆ. ತಾರೀಖು ಓದಿದೆವು, ಹತ್ತೊಂಬತ್ತು ವರ್ಷದ ಹಿಂದಿನದು. ಅಷ್ಟು ವರ್ಷವೂ ಕಾರು ಚೆನ್ನಾಗಿಯೇ ಓಡಿತ್ತು. ಗುಳ್ಳೆಯ ಕೆಲಸಕ್ಕೆಂದು ಬಂದದ್ದು ಹನ್ನೊಂದು ತಿಂಗಳು ನನ್ನಲ್ಲೇ ನಿಂತಿತು.

ನಿಮ್ಮ ಜಿಟಿಓ ಹಾಗೇ ಇದೆ ಅನ್ನುತ್ತಿಲ್ಲ. ಆದರೆ ಅನುಮಾನಪಡಲು ಮೂರು ಕಾರಣ ನಿಮ್ಮ ಪತ್ರದಲ್ಲೇ ಇವೆ. ಒಂದು, ಮಿಶಿಗನ್. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರು. ಎರಡು, ಇಪ್ಪತ್ತೈದು ವರ್ಷದ ಪೇಂಟು ಇನ್ನೂ ಹೊಳೆಯುತ್ತಿದೆ ಅಂದರೆ ಅದರ ಕೆಳಗೆ ಆಗ ಏನು ಮಾಡಿದ್ದರು ಎನ್ನುವುದು ಯಾರಿಗೂ ಗೊತ್ತಿಲ್ಲ. ಮೂರನೆಯದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು: ವಿನೈಲ್ ಟಾಪು. ಆ ಕಾಲದ ಕಾರುಗಳಲ್ಲಿ ಹಿಂದಿನ ಗಾಜಿನ ಸುತ್ತ ಹೊಳೆಯುವ ಪಟ್ಟಿ ಹಿಡಿದಿಡಲು ಸಣ್ಣ ಮೊಳೆಗಳಿರುತ್ತವೆ. ಅಲ್ಲಿಂದ ಒಳಹೊಕ್ಕ ನೀರು ವಿನೈಲಿನ ಅಡಿ ಸೇರಿದರೆ ಒಣಗಲು ದಾರಿ ಇಲ್ಲ. ಒದ್ದೆ ಗೋಣಿ ಹೊದಿಸಿಟ್ಟ ತಗಡಿನ ಹಾಗೆ ಒಳಗೊಳಗೇ ತಿನ್ನುತ್ತದೆ. ಮೊದಲು ಗಾಜು ಕೂರುವ ಕೆಳಗಿನ ಅಂಚು ಹೋಗುತ್ತದೆ, ಅಲ್ಲಿಂದ ನೀರು ಡಿಕ್ಕಿಗೆ ಸೋರಿ ಡಿಕ್ಕಿಯ ತಳ ಹೋಗುತ್ತದೆ, ಆಮೇಲೆ ಎರಡೂ ಕಡೆಯ ಮಡ್‌ಗಾರ್ಡಿನ ಕೆಳತುದಿ. ಹೊರಗಿನಿಂದ ನೋಡಿದವರಿಗೆ ಕಾಣುವುದು ಆ ಕೊನೆಯದು ಮಾತ್ರ, ಅದೂ ಪುಟ್ಟಿ ಮೆತ್ತದೆ ಬಿಟ್ಟಿದ್ದರೆ.

ಚಾಸಿ ಬೇರೆ ಇರುವುದರಿಂದ ತುಕ್ಕಿನ ಚಿಂತೆ ಇಲ್ಲ ಎನ್ನುವ ಮಾತು ಅರ್ಧ ಸತ್ಯ. ನಮ್ಮ ಲಾರಿಗಳ ಹಾಗೆ ಜಿಟಿಓಗೆ ಕೆಳಗೆ ಪ್ರತ್ಯೇಕ ಚಾಸಿ, ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿ. ತಳದ ತಗಡು ತೂತಾದರೂ ಕಾರು ಎರಡಾಗಿ ಬಾಗುವುದಿಲ್ಲ, ಆ ಮಟ್ಟಿಗೆ ಗೆಳೆಯರು ಸರಿ. ಆದರೆ ಚಾಸಿ ಅನ್ನುವುದೂ ಉಕ್ಕೇ. ಟೊಳ್ಳಾಗಿರುವ ಕಡೆ ಉಪ್ಪು ನೀರು ಒಳಗೆ ನಿಂತು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ, ಅದರಲ್ಲೂ ಹಿಂದಿನ ಆಕ್ಸಲಿನ ಆಸುಪಾಸು ಮತ್ತು ಅದರ ಹಿಂದಿನ ಭಾಗ. ಬಾಡಿಯನ್ನು ಚಾಸಿಗೆ ಹಿಡಿಯುವ ಬೋಲ್ಟುಗಳ ಸುತ್ತ ತಗಡು ಕೊಳೆತರೆ ಬಾಗಿಲು ಜೋತುಬೀಳುತ್ತವೆ. ಬಾಗಿಲು ತೆರೆದು ಹಿಂಭಾಗ ಹಿಡಿದು ಮೇಲಕ್ಕೆತ್ತಿ ನೋಡಿ. ಕೀಲು ಸವೆದಿದ್ದರೂ ಆಡುತ್ತದೆ, ಆದರೆ ಮುಚ್ಚಿದಾಗ ಬಾಗಿಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಮೇಲೊಂದು ಕೆಳಗೊಂದು ಅಳತೆ ಇದ್ದರೆ ಬೋಲ್ಟುಗಳ ಕಡೆ ಟಾರ್ಚ್ ಬಿಡಿ.

ಇನ್ನು ರೋಡ್ ರನ್ನರ್. ಇದಕ್ಕೆ ಚಾಸಿಯೇ ಇಲ್ಲ. ತಳ, ಕಂಬ, ಮಾಡು ಎಲ್ಲ ಸೇರಿ ಒಂದೇ ಡಬ್ಬಿ, ತಗಡೇ ಅದರ ಎಲುಬು. ಮುಂದಿನ ಸಸ್ಪೆನ್ಷನ್ನಿಗೆ ಸುರುಳಿ ಸ್ಪ್ರಿಂಗ್ ಬದಲು ಉದ್ದನೆಯ ಉಕ್ಕಿನ ಸರಳು. ಅದರ ಹಿಂದಿನ ತುದಿ ಮುಂದಿನ ಸೀಟಿನ ಕೆಳಗಿರುವ ಅಡ್ಡತೊಲೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಕಾರಿನ ಮುಂಭಾಗದ ಇಡೀ ಭಾರ ಆ ಸರಳು ತಿರುಚಿಕೊಳ್ಳುವುದರ ಮೇಲೆ ನಿಂತಿದೆ. ಅಡ್ಡತೊಲೆ ಕೊಳೆತರೆ ಸರಳು ಕಿತ್ತುಕೊಂಡು ಬರುತ್ತದೆ. ಅದಕ್ಕೇ ಮಿಶಿಗನ್‌ನಲ್ಲೇ ಬಾಳಿದ ರೋಡ್ ರನ್ನರನ್ನು ಪುಕ್ಕಟೆ ಕೊಟ್ಟರೂ ನಾನು ನಿಮಗೆ ಬೇಡ ಅನ್ನುತ್ತಿದ್ದೆ. ನಿಮ್ಮ ಮುಂದಿರುವುದು ಅರಿಜೋನಾದ ಕಾರು. ಒಣ ಊರಿನ ಬಿಸಿಲು ಬಣ್ಣ ಸುಡುತ್ತದೆ, ಡ್ಯಾಶ್‌ಬೋರ್ಡ್ ಸೀಳುತ್ತದೆ, ರಬ್ಬರನ್ನೆಲ್ಲ ಬಿಸ್ಕತ್ತು ಮಾಡುತ್ತದೆ, ವೈರಿನ ಮೇಲಿನ ಪ್ಲಾಸ್ಟಿಕ್ ಉದುರಿಸುತ್ತದೆ. ಇವೆಲ್ಲ ಹೊಸದಾಗಿ ಕೊಳ್ಳಲು ಸಿಗುತ್ತವೆ, ಹಾಕಲು ವೆಲ್ಡಿಂಗ್ ಬೇಕಿಲ್ಲ. ನಿಮ್ಮ ಕೈಯ ಕೆಲಸಗಳು.

‘ಅರಿಜೋನಾ ಕಾರು’ ಅನ್ನುವ ಮಾತನ್ನೂ ಹಾಗೇ ನಂಬಬೇಡಿ. ಮಾರುವವರೆಲ್ಲ ಹೇಳುವ ಮಾತು ಅದು. ಆ ತಾಯಿ ಸುಳ್ಳು ಹೇಳುತ್ತಾರೆ ಎಂದಲ್ಲ, ಅವರ ಯಜಮಾನರಿಗೆ ಮಾರಿದವರು ಹೇಳಿರಬಹುದು. ಹಳೆಯ ರಿಜಿಸ್ಟ್ರೇಷನ್ ಕಾಗದ ಇದೆಯೇ ಕೇಳಿ. ಮಿಶಿಗನ್‌ಗೆ ಬಂದು ಎಷ್ಟು ಚಳಿಗಾಲ ಕಳೆದಿದೆ, ಹೊರಗೆ ನಿಂತಿತ್ತೇ ಒಳಗಿತ್ತೇ ಕೇಳಿ. ಕಾರ್ಪೆಟ್ ಎತ್ತಿ ಪಾದ ಇಡುವ ಜಾಗ ನೋಡಿ. ವೈಪರಿನ ಕೆಳಗಿರುವ ಗಾಳಿ ಒಳಬರುವ ಗುಂಡಿಯಲ್ಲಿ ತರಗೆಲೆ ತುಂಬಿ ಕೊಳೆತಿದ್ದರೆ ಮರುಭೂಮಿಯ ಕಾರಿಗೂ ಅಲ್ಲಿ ತೂತು ಬಿದ್ದಿರುತ್ತದೆ. ಕೆಳಗೆ ಮಲಗಿ, ಸರಳು ಸಿಕ್ಕಿಸಿದ ಅಡ್ಡತೊಲೆ ಮತ್ತು ಹಿಂದಿನ ಪಟ್ಟಿ ಸ್ಪ್ರಿಂಗಿನ ಎರಡೂ ತುದಿ ಹಿಡಿದಿರುವ ಜಾಗಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಟಣ್ ಅಂದರೆ ಸರಿ. ಮೆತ್ತಗೆ ಡಬ್ ಅಂದರೆ ಚೂಪು ತುದಿಯಿಂದ ಒತ್ತಿ. ಒಳಗೆ ಹೋಯಿತೋ, ಎದ್ದು ಬಟ್ಟೆ ಕೊಡವಿಕೊಂಡು ಮನೆಗೆ ಹೋಗಿ. ಕೆಳಗೆ ಹೊಸದಾಗಿ ದಪ್ಪ ಕಪ್ಪು ಕೋಟಿಂಗ್ ಬಳಿದಿದ್ದರೂ ಅಷ್ಟೇ.

ಬಿಚ್ಚಿಟ್ಟ ಕಾರಿನ ಅಪಾಯ ಬೇರೆ ಥರದ್ದು. ಡಬ್ಬದಲ್ಲಿ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅನ್ನುವುದು ದುಬಾರಿ. ಎಂಜಿನ್ ಬಿಚ್ಚಿದವರು ಬದುಕಿಲ್ಲ, ಕೇಳಲು ಯಾರೂ ಇಲ್ಲ. ಹಾಗಾಗಿ ದುಡ್ಡು ಕೊಡುವ ಮೊದಲು ಒಂದು ಇಡೀ ಶನಿವಾರ ಕುಳಿತು ಎಣಿಸಿ. ಮೊದಲು ಹುಡುಕಬೇಕಾದ್ದು ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿಯುವ ಐದು ಮೇನ್ ಕ್ಯಾಪ್. ಅವು ಆ ಬ್ಲಾಕಿನೊಂದಿಗೇ ಕೊರೆದವು, ಬೇರೆ ಬ್ಲಾಕಿನದು ತಂದು ಹಾಕಿದರೆ ಮಷೀನ್ ಶಾಪಿನಲ್ಲಿ ಉದ್ದಕ್ಕೂ ಮತ್ತೆ ಕೊರೆಸಬೇಕು. ಕನೆಕ್ಟಿಂಗ್ ರಾಡಿನ ಕ್ಯಾಪುಗಳೂ ಹಾಗೇ ಜೋಡಿ. ಆಮೇಲೆ ಕಾರ್ಟರ್ ಕಾರ್ಬುರೇಟರ್, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಬ್ರ್ಯಾಕೆಟ್ಟುಗಳು, ಗಾಜಿನ ಸುತ್ತಲಿನ ಪಟ್ಟಿ, ಆ ನೇರಳೆ ಬಣ್ಣದ ಹಾರ್ನ್. ಪಿಸ್ಟನ್ನು, ರಿಂಗು, ಬೇರಿಂಗು ಇಲ್ಲದಿದ್ದರೆ ತಲೆಬಿಸಿ ಬೇಡ, ಅವನ್ನು ಹೇಗೂ ಹೊಸದು ಹಾಕುತ್ತೀರಿ.

ಇನ್ನು ನಂಬರುಗಳು. ಎರಡೂ ಕಾರಿಗೆ ವಿಐಎನ್ (ಕಾರಿನ ಗುರುತಿನ ನಂಬರ್) ತಗಡು ಮುಂದಿನ ಗಾಜಿನೊಳಗೆ, ಚಾಲಕನ ಕಡೆ ಕಾಣುತ್ತದೆ. ಜಿಟಿಓ ಎಂದು ಬ್ಯಾಡ್ಜ್ ಅಂಟಿಸಿದ ಲೆಮಾನ್ಸ್‌ಗಳು ಬೇಕಾದಷ್ಟಿವೆ. 1964, 65ರಲ್ಲಿ ಜಿಟಿಓ ಬರೀ ಆಪ್ಷನ್ ಆದ್ದರಿಂದ ನಂಬರಿನಿಂದ ತಿಳಿಯುವುದಿಲ್ಲ, ಆದರೆ ನಿಮ್ಮದು 1968. ಅದು 242ರಿಂದ ಶುರುವಾಗಬೇಕು. ಪಾಂಟಿಯಾಕಿನ ಹಳೆಯ ದಾಖಲೆಗಳನ್ನು ಪಿಎಚ್‌ಎಸ್ ಎನ್ನುವ ಸಂಸ್ಥೆ ಇಟ್ಟುಕೊಂಡಿದೆ. ಶುಲ್ಕ ಕಟ್ಟಿದರೆ ಕಾರು ಕಾರ್ಖಾನೆಯಿಂದ ಹೊರಟಾಗ ಯಾವ ಎಂಜಿನ್, ಯಾವ ಬಣ್ಣ ಇತ್ತೆಂದು ಕಳಿಸುತ್ತಾರೆ. ಇದನ್ನು ತಪ್ಪಿಸಬೇಡಿ, ಏಕೆಂದರೆ ಪಾಂಟಿಯಾಕಿನ 350, 400, 455 ಎಂಜಿನ್‌ಗಳು ಹೊರಗಿನಿಂದ ಅಣ್ಣತಮ್ಮಂದಿರ ಹಾಗಿರುತ್ತವೆ. ಬಾನೆಟ್ ಎತ್ತಿ ನೋಡಿ ‘400 ಇದೆ’ ಎನ್ನಲಾಗದು, ಬ್ಲಾಕಿನ ಮೇಲಿನ ಕೋಡ್ ಓದಬೇಕು. ರೋಡ್ ರನ್ನರ್ ವಿಐಎನ್ ‘ಆರ್‌ಎಂ’ನಿಂದ ಶುರುವಾಗಬೇಕು. ಐದನೆಯ ಅಕ್ಷರ ‘ಎಚ್’ ಇದ್ದರೆ 383, ಆರನೆಯದು ‘9’ ಇದ್ದರೆ 1969. ಎಂಜಿನ್ ಸ್ಟ್ಯಾಂಡಿನ ಮೇಲಿರುವುದು ಇಲ್ಲಿ ನಿಮಗೆ ಅನುಕೂಲ: ಆಯಿಲ್ ಪ್ಯಾನ್ ಕೂರುವ ಅಂಚಿನ ಬಳಿ ಕಾರಿನ ನಂಬರಿನ ಕೊನೆಯ ಅಂಕಿಗಳು ಗುದ್ದಿರುತ್ತವೆ, ಉಜ್ಜಿ ಓದಿ. ಹೊಂದಿದರೆ ಸಂತೋಷ, ಹೊಂದದಿದ್ದರೆ ಬೆಲೆ ಇಳಿಸಿ ಕೇಳಲು ಕಾರಣ. ಕಾರನ್ನು ಬಿಡಲು ಕಾರಣವಲ್ಲ. ನೀವು ಹರಾಜಿಗೆ ಕೊಳ್ಳುತ್ತಿಲ್ಲವಲ್ಲ.

ಪೆಟ್ರೋಲಿನ ವಿಷಯ ನೀವು ಕೇಳಿಲ್ಲ, ಆದರೆ ಯಾರಾದರೂ ಹೆದರಿಸಿಯೇ ತೀರುತ್ತಾರೆ. ಸೀಸವಿಲ್ಲದ ಪೆಟ್ರೋಲಿಗೆ ಹಳೆಯ ವಾಲ್ವ್ ಸೀಟು ತಿಂದುಹೋಗುತ್ತದೆ ಎನ್ನುವುದು ಭಾರ ಎಳೆಯುವ, ಗಂಟೆಗಟ್ಟಲೆ ಹೈವೇಯಲ್ಲಿ ಬಡಿಯುವ ಕಾರಿಗೆ ಸರಿ. ವಾರಕ್ಕೊಮ್ಮೆ ಐಸ್‌ಕ್ರೀಮ್ ತಿನ್ನಲು ಹೋಗುವ ಕಾರಿಗೆ ಅಷ್ಟು ಭಯ ಬೇಡ. ಹೆಡ್ ಹೇಗೂ ಬಿಚ್ಚಿದ್ದರೆ ಗಟ್ಟಿ ಸೀಟು ಹಾಕಿಸಿಬಿಡಿ. ನಿಜವಾದ ತೊಂದರೆ ಕಂಪ್ರೆಷನ್ನಿನದು, ಅಂದರೆ ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎನ್ನುವುದರದು. ಜಿಟಿಓದ 400ಕ್ಕೆ ಕಾರ್ಖಾನೆಯ ಲೆಕ್ಕದಲ್ಲಿ 10.75, 383ಕ್ಕೆ 10. ಇಂದಿನ ಪ್ರೀಮಿಯಂ ಪೆಟ್ರೋಲಿಗೆ ಪಾಂಟಿಯಾಕು ಏರು ಹತ್ತುವಾಗ ಟಕಟಕ ಎನ್ನಬಹುದು. ಅದನ್ನು ಕೇಳಿಯೂ ಓಡಿಸಿದರೆ ಪಿಸ್ಟನ್ ಹೋಗುತ್ತದೆ. 383 ಬಿಚ್ಚೇ ಇರುವುದರಿಂದ ನಿಮಗೆ ಬೇಕಾದ ಪಿಸ್ಟನ್ ಆರಿಸಿ ಒಂದಿಷ್ಟು ಇಳಿಸಿಕೊಳ್ಳಬಹುದು. ಮತ್ತೆ, ಹೊಸ ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ) ಹಾಕಿದ ಮೇಲೆ ಮೊದಲ ಸ್ಟಾರ್ಟಿನಲ್ಲಿ ಐಡಲ್‌ಗೆ ಬಿಡಬೇಡಿ. ಸತುವಿನ ಅಂಶ ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ಹಾಕಿ, 2,000ದಿಂದ 2,500 ಆರ್‌ಪಿಎಂನಲ್ಲಿ ಇಪ್ಪತ್ತು ಮೂವತ್ತು ನಿಮಿಷ ಓಡಿಸಿ. ಒಳ್ಳೆಯ ಎಂಜಿನ್‌ಗಳು ಮೊದಲ ಅರ್ಧ ಗಂಟೆಯಲ್ಲೇ ಕ್ಯಾಮ್ ಕಳೆದುಕೊಂಡದ್ದನ್ನು ಕಂಡಿದ್ದೇನೆ.

ದುಡ್ಡಿನ ಲೆಕ್ಕ. ಬಾಡಿ ಶಾಪಿಗೆ ಗಂಟೆಗೆ 100 ಡಾಲರ್ ಎಂದು ಹಿಡಿಯೋಣ. ಜಿಟಿಓಗೆ ಗಾಜಿನ ಅಂಚು, ಡಿಕ್ಕಿಯ ತಳ, ಎರಡು ಮಡ್‌ಗಾರ್ಡು, ಒಂದೆರಡು ತಳದ ತುಂಡು ಹಾಕುವಂತಾದರೆ ಪೇಂಟ್ ಶುರುವಾಗುವ ಮೊದಲೇ 250 ಗಂಟೆ ಸಲೀಸಾಗಿ ಹೋಗುತ್ತದೆ, 25,000 ಡಾಲರ್. ಅದರ ಮುಂದಿನ ಬಂಪರ್ ಕೂಡ ಬಾಡಿ ಬಣ್ಣದ, ರಬ್ಬರಿನಂಥ ಎಂಡ್ಯೂರಾ. ಹೊಸದಾಗಿದ್ದಾಗ ಅದು ಪೆಟ್ಟು ತಿಂದರೂ ಮತ್ತೆ ಆಕಾರಕ್ಕೆ ಬರುತ್ತದೆಂದು ಜಾಹೀರಾತು ಮಾಡಿದ್ದರು. ಇಷ್ಟು ವರ್ಷಕ್ಕೆ ಬಿರುಕು ಬಿಟ್ಟಿರುತ್ತದೆ, ಸರಿಮಾಡಲು ನುರಿತ ಕೈ ಬೇಕು. ನಿಮ್ಮ 35,000 ಅಲ್ಲಿಗೇ ಉಸಿರು ಬಿಡುತ್ತದೆ. ರೋಡ್ ರನ್ನರ್ ನಿಜವಾಗಿ ಒಣಗಿದ್ದರೆ ಹೊರಗೆ ಕೊಡುವ ಕೆಲಸ ಎರಡೇ: ಮಷೀನ್ ಶಾಪು, ಪೇಂಟು. ಬಿಡಿಭಾಗ ಸೇರಿಸಿ ಎಂಜಿನ್‌ಗೆ 8,000ದಿಂದ 10,000, ಡೆಂಟು ತೆಗೆದು ಪೇಂಟಿಗೆ 15,000, ಬ್ರೇಕು, ಸಸ್ಪೆನ್ಷನ್ನು, ವೈರಿಂಗು, ರಬ್ಬರು, ಸೀಟಿನ ಬಟ್ಟೆಗೆ ಉಳಿದದ್ದು. ಇದು ನನ್ನ ಅಂಗಡಿಯ ಅನುಭವದ ಅಂದಾಜು. ಬಿಗಿಯಾಗುತ್ತದೆ, ಆದರೆ ಆಗುತ್ತದೆ. ಖರೀದಿಯಲ್ಲಿ ಉಳಿದ 12,000 ಡಾಲರನ್ನು ಬ್ಯಾಂಕಿನಲ್ಲೇ ಇಡಿ. ಬೇಕಾಗುತ್ತದೆ. ಮಾರಿ ಲಾಭ ಮಾಡುವ ಯೋಚನೆ ಯಾವುದಕ್ಕೂ ಬೇಡ, ಹೊರಗಿನವರಿಗೆ ಕೂಲಿ ಕೊಟ್ಟು ಮಾಡಿಸಿದ ಕಾರು ಖರ್ಚು ಹಿಂದಿರುಗಿಸುವುದು ಅಪರೂಪ.

ಹಾಗಾದರೆ ನನ್ನ ಮತ ರೋಡ್ ರನ್ನರ್‌ಗೆ, ಅಡ್ಡತೊಲೆ ಗಟ್ಟಿಯಿದ್ದು ಡಬ್ಬಗಳ ಲೆಕ್ಕ ಹೊಂದಿದರೆ. ಇದರಲ್ಲಿರುವ ಅಪಾಯ ತಗಡಿನದಲ್ಲ, ನಿಮ್ಮದು. ಬಿಚ್ಚಿದ ಕಾರು ಮೊದಲ ವರ್ಷ ಹುಮ್ಮಸ್ಸು ಕೊಡುತ್ತದೆ, ಎರಡನೆಯ ವರ್ಷ ಗ್ಯಾರೇಜಿನ ಬಾಗಿಲು ತೆರೆಯಲೂ ಬೇಸರವಾಗುತ್ತದೆ. ನನ್ನಲ್ಲಿಗೆ ಬರುವ ಅರ್ಧಂಬರ್ಧ ಕಾರುಗಳೆಲ್ಲ ಎರಡನೆಯ ವರ್ಷದವು. ಅದಕ್ಕೆ ಮದ್ದು, ಎಲ್ಲವನ್ನೂ ಒಟ್ಟಿಗೆ ಶುರು ಮಾಡದಿರುವುದು. ಸುಟ್ಟ ಬಣ್ಣ ಹಾಗೇ ಇರಲಿ. ಮೊದಲು ಎಂಜಿನ್ ಕಟ್ಟಿ, ಬ್ರೇಕ್ ಮಾಡಿ, ಬೀದಿಯ ಕೊನೆವರೆಗೆ ಓಡಿಸಿ. ಪೇಂಟ್ ಆಮೇಲೆ.

ಜಿಟಿಓ ಮೇಲೆ ನಿಜಕ್ಕೂ ಮನಸ್ಸಾಗಿದ್ದರೆ ಇನ್ನೊಂದು ದಾರಿ ಇದೆ, ಅದನ್ನು ರಿಸ್ಟೋರ್ ಮಾಡದಿರುವುದು. ಬ್ರೇಕು, ಟೈರು, ಪೆಟ್ರೋಲಿನ ರಬ್ಬರ್ ಪೈಪು ಬದಲಾಯಿಸಿ, ಬೇಸಿಗೆಯಲ್ಲಿ ಓಡಿಸಿ, ಚಳಿಗಾಲದಲ್ಲಿ ಒಳಗಿಡಿ. 26 ವರ್ಷ ಅಥವಾ ಅದಕ್ಕಿಂತ ಹಳೆಯ ಕಾರಿಗೆ ಮಿಶಿಗನ್ ಹಿಸ್ಟಾರಿಕ್ ಪ್ಲೇಟ್ ಕೊಡುತ್ತದೆ. ಅದರಲ್ಲಿ ಉಳಿದ ತಿಂಗಳು ಕಾರ್ ಶೋ, ಮೆರವಣಿಗೆ ಅಂತ ಕಟ್ಟುಪಾಡಿದ್ದರೂ ಆಗಸ್ಟ್ ತಿಂಗಳಿಡೀ ಓಡಿಸಬಹುದು. ಹಳೆಯ ಕಾರುಗಳ ದೊಡ್ಡ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್ ಬರುವುದೂ ಆಗಸ್ಟ್‌ನಲ್ಲೇ. ತುಕ್ಕು ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಆದರೆ ಚಾಸಿ ಗಟ್ಟಿಯಿದ್ದರೆ ಮಾತ್ರ ಈ ಮಾತು. ಬೆಲೆಯೂ 30,000ಕ್ಕಿಂತ ಇಳಿಯಬೇಕು, ಪೇಂಟಿಗೆ ಕೊಡುವ ಬೆಲೆ ಅದು. ಡಿಕ್ಕಿಯ ಮ್ಯಾಟ್ ಎತ್ತಿ ಇಬ್ಬರೂ ಒಟ್ಟಿಗೆ ನೋಡಿ, ಆ ತಾಯಿಗೂ ಅರ್ಥವಾಗುತ್ತದೆ. ಮೊದಲು ನಿಮಗೇ ಹೇಳಿದವರು, ಅವರೊಂದಿಗೆ ಜಗ್ಗಾಟ ಬೇಡ. ಫೀಸು ಕೊಟ್ಟು ಹೊರಗಿನವರಿಂದ ಎರಡೂ ಕಾರು ಪರೀಕ್ಷೆ ಮಾಡಿಸಿ, ವರದಿಯ ಒಂದು ಪ್ರತಿ ಅವರಿಗೂ ಕೊಡಿ. ನೀವು ಕೊಳ್ಳದ ಕಾರನ್ನು ಬೇರೆಯವರಿಗೆ ಮಾರಲು ಅವರಿಗೆ ಉಪಯೋಗಕ್ಕೆ ಬರುತ್ತದೆ.

ಎರಡೂ ಕಾರು ಪರೀಕ್ಷೆಯಲ್ಲಿ ಸೋತರೆ ಎರಡನ್ನೂ ಬಿಡಿ. 80,000 ಮಾಡಿದ್ದಾರೆ, ಇನ್ನೊಂದು ಸಿಗುತ್ತದೆ.

ಶನಿವಾರ ಡಬ್ಬ ಎಣಿಸಲು ಹೋದಾಗ ರೋಡ್ ರನ್ನರ್‌ನ ಹಿಂದಿನ ಸೀಟು ಎತ್ತಿ, ಅದರ ಸ್ಪ್ರಿಂಗುಗಳ ನಡುವೆ ನೋಡಿ. ಕಾರ್ಖಾನೆಯಲ್ಲಿ ಕಾರು ಕಟ್ಟಲು ಬಳಸಿದ ಬ್ರಾಡ್‌ಕಾಸ್ಟ್ ಶೀಟ್ ಎಷ್ಟೋ ಕಾರುಗಳಲ್ಲಿ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಯಾವ ಎಂಜಿನ್, ಯಾವ ಗೇರ್‌ಬಾಕ್ಸ್, ಯಾವ ಬಣ್ಣ, ಎಲ್ಲ ಅದರಲ್ಲಿದೆ. ಕೈಗವಸು, ಮಾಸ್ಕ್ ಹಾಕಿಕೊಂಡೇ ಕೈ ಹಾಕಿ. ಅರಿಜೋನಾ ಕಡೆಯ ಇಲಿಗಳಿಂದ ಕಾಯಿಲೆ ಬರುವುದುಂಟು, ಗೂಡು ಕಟ್ಟಲು ಅವಕ್ಕೂ ಆ ಕಾಗದವೇ ಇಷ್ಟ.